ಹಳೆಯ ಫೈಲು ತೆರೆಯದ ಬೆಳಗು

2011ರ ಫೆಬ್ರವರಿ 27ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಸಂಕಲನದ ಪ್ರಶಸ್ತಿ 'ದಿ ಸೋಶಿಯಲ್ ನೆಟ್‌ವರ್ಕ್' ಚಿತ್ರಕ್ಕೆ ಬಂತು. ಕರ್ಕ್ ಬ್ಯಾಕ್ಸ್‌ಟರ್ ಮತ್ತು ಆಂಗಸ್ ವಾಲ್ ಆ ಚಿತ್ರವನ್ನು ಕತ್ತರಿಸಿ ಜೋಡಿಸಿದ್ದು ಆ್ಯಪಲ್ ಕಂಪನಿಯ ಫೈನಲ್ ಕಟ್ ಪ್ರೊ ಎಂಬ ತಂತ್ರಾಂಶದಲ್ಲಿ. ಒಂದು ಉಪಕರಣಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ? ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ಜೂನ್ 21ರಂದು, ಆ್ಯಪಲ್ ಅದರ ಮಾರಾಟವನ್ನೇ ನಿಲ್ಲಿಸಿತು. ಅದೇ ದಿನ, ಅದೇ ಹೆಸರಿನಲ್ಲಿ, ಬೇರೆಯೇ ಒಂದು ತಂತ್ರಾಂಶ ಮಾರಾಟಕ್ಕೆ ಬಂತು. ಕೊಂಡುಕೊಂಡು ತೆರೆದು ನೋಡಿದವರಿಗೆ ತಮ್ಮ ಹಿಂದಿನ ವಾರದ ಕೆಲಸ ಕೂಡ ಅದರಲ್ಲಿ ತೆರೆಯುವುದಿಲ್ಲ ಎಂದು ಗೊತ್ತಾಯಿತು.

ಆಮೇಲೆ ಎದ್ದ ಗದ್ದಲವನ್ನು ಈಗ ಕೆಲವರು 'ಹೊಸದಕ್ಕೆ ಒಗ್ಗದವರ ಗೊಣಗಾಟ' ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ತಂತ್ರಾಂಶದ ಮೂಲಪುರುಷ ರ‍್ಯಾಂಡಿ ಯುಬಿಲೋಸ್. ಅಡೋಬಿ ಕಂಪನಿಯ ಪ್ರೀಮಿಯರ್‌ನ ಮೊದಲ ಆವೃತ್ತಿಗಳನ್ನು ಬರೆದವನೂ ಇವನೇ. ತೊಂಬತ್ತರ ದಶಕದ ಮಧ್ಯದಲ್ಲಿ ಅಡೋಬಿ ಬಿಟ್ಟು ಮ್ಯಾಕ್ರೋಮೀಡಿಯಾಕ್ಕೆ ಹೋದ. ಅಲ್ಲಿ 'ಕೀಗ್ರಿಪ್' ಎಂಬ ಹೆಸರಿನಲ್ಲಿ ಶುರುವಾದ ಕೆಲಸ ಮುಂದೆ ಫೈನಲ್ ಕಟ್ ಆಯಿತು. ಮ್ಯಾಕ್ರೋಮೀಡಿಯಾಕ್ಕೆ ಅದನ್ನು ಮಾರುಕಟ್ಟೆಗೆ ತರಲಾಗಲಿಲ್ಲ. 1998ರಲ್ಲಿ ಆ್ಯಪಲ್ ಇಡೀ ಯೋಜನೆಯನ್ನು, ಅದರ ಎಂಜಿನಿಯರುಗಳ ಸಮೇತ, ಕೊಂಡುಕೊಂಡಿತು. 1999ರ ಏಪ್ರಿಲ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಪ್ರಸಾರೋದ್ಯಮದ ಮೇಳದಲ್ಲಿ, ಫೈನಲ್ ಕಟ್ ಪ್ರೊ ಹೊರಬಂತು. ಬೆಲೆ 999 ಡಾಲರ್.

ಆ ಬೆಲೆಯೇ ಕ್ರಾಂತಿ. ಆ ಹೊತ್ತಿಗೆ ವೃತ್ತಿಪರ ಡಿಜಿಟಲ್ ಸಂಕಲನ ಎಂದರೆ ಆವಿಡ್. ಯಂತ್ರ, ಡಿಸ್ಕು, ಕಾರ್ಡು ಎಲ್ಲ ಸೇರಿದರೆ ಹತ್ತಾರು ಸಾವಿರ ಡಾಲರ್. ಅದನ್ನು ಕೊಳ್ಳುವುದು ಸ್ಟುಡಿಯೋಗಳಿಗೆ ಮಾತ್ರ ಸಾಧ್ಯವಿತ್ತು. ಉಳಿದವರು ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೂರುತ್ತಿದ್ದರು. ಸ್ವಾರಸ್ಯವೆಂದರೆ, ಅದೇ 1999ರಲ್ಲಿ ಆವಿಡ್ ತಾನು ಮ್ಯಾಕ್ ಬಿಟ್ಟು ವಿಂಡೋಸ್ ಎನ್‌ಟಿ ಕಡೆ ಹೋಗುತ್ತೇನೆ ಎಂದು ಸಾರಿತ್ತು. ಮ್ಯಾಕ್‌ನಲ್ಲೇ ಬೆಳೆದಿದ್ದ ಎಡಿಟರುಗಳು ಎದ್ದುನಿಂತರು. ಆವಿಡ್ ಹಿಂದೆ ಸರಿಯಿತು. ಆದರೆ ಒಮ್ಮೆ ಒಡೆದ ನಂಬಿಕೆಯ ಬಿರುಕಿನಲ್ಲಿ ಫೈನಲ್ ಕಟ್ ಬೇರುಬಿಟ್ಟಿತು. ಹನ್ನೆರಡು ವರ್ಷದ ಬಳಿಕ ಅದೇ ಪಾತ್ರವನ್ನು ಆ್ಯಪಲ್ ತಾನೇ ವಹಿಸಲಿದೆ ಎಂದು ಆಗ ಯಾರು ಅಂದುಕೊಂಡಿದ್ದರು!

'ಇದು ಮದುವೆ ವಿಡಿಯೋ ಮಾಡುವವರ ಆಟಿಕೆ' ಎಂಬ ಮಾತು ಕೆಲವು ವರ್ಷ ಇತ್ತು. ಅದನ್ನು ಸುಳ್ಳು ಮಾಡಿದವರಲ್ಲಿ ದೊಡ್ಡವರು ವಾಲ್ಟರ್ ಮರ್ಚ್. 'ದಿ ಇಂಗ್ಲಿಷ್ ಪೇಷಂಟ್' ಚಿತ್ರವನ್ನು ಆವಿಡ್‌ನಲ್ಲಿ ಸಂಕಲಿಸಿ ಆಸ್ಕರ್ ಗೆದ್ದವರು. ಡಿಜಿಟಲ್ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅಂಥವರು 2003ರ 'ಕೋಲ್ಡ್ ಮೌಂಟನ್' ಚಿತ್ರವನ್ನು, ರೊಮೇನಿಯಾದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಿನಿಂದಲೇ, ಫೈನಲ್ ಕಟ್ ಪ್ರೊದಲ್ಲಿ ಸಂಕಲಿಸಲು ಕೂತರು. ಇಷ್ಟು ದೊಡ್ಡ ಚಿತ್ರಕ್ಕೆ ನಮ್ಮ ತಂತ್ರಾಂಶ ಸಾಕಾದೀತೇ ಎಂದು ಆ್ಯಪಲ್‌ನವರೇ ಅಳುಕಿದ್ದರು. ಚಿತ್ರ ಮುಗಿಯಿತು, ಸಂಕಲನಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಕೋಯೆನ್ ಸಹೋದರರೂ ಇತ್ತ ಬಂದರು. ಅಂದರೆ ವೃತ್ತಿಪರರಿಗೆ ಆ್ಯಪಲ್ ಒಂದು ಉಪಕರಣ ಕೊಟ್ಟಿತು ಎನ್ನುವುದು ಅರ್ಧ ಸತ್ಯ. ಅದನ್ನು ವೃತ್ತಿಪರ ಉಪಕರಣವಾಗಿ ಮಾಡಿದ್ದು ತಮ್ಮ ಹೆಸರು, ಗಡುವು ಎರಡನ್ನೂ ಪಣಕ್ಕಿಟ್ಟು ಅದರಲ್ಲಿ ದುಡಿದ ಎಡಿಟರುಗಳು.

ನಮ್ಮ ಮುಂಬೈಗೂ ಈ ಅಲೆ ಬಂತು. ಅಂಧೇರಿ, ಓಶಿವಾರಾ ಕಡೆಯ ಕಟ್ಟಡಗಳಲ್ಲಿ, ಹತ್ತಡಿ ಅಗಲದ ಕೋಣೆಗೊಂದು ಎಸಿ, ಒಂದು ಮ್ಯಾಕ್, ಎರಡು ಮಾನಿಟರ್ ಇಟ್ಟುಕೊಂಡು 'ಎಫ್‌ಸಿಪಿ ಸೆಟಪ್' ಎಂದು ಬಾಡಿಗೆಗೆ ಕೊಡುವ ಒಂದು ಕಸುಬೇ ಹುಟ್ಟಿಕೊಂಡಿತು. ಧಾರಾವಾಹಿ, ಜಾಹೀರಾತು, ಸಾಕ್ಷ್ಯಚಿತ್ರ, ಕಾರ್ಪೊರೇಟ್ ವಿಡಿಯೋ ಎಲ್ಲಕ್ಕೂ ಅದೇ. ಊರಿಂದ ಬಂದ ಹುಡುಗರು ರಾತ್ರಿ ಪಾಳಿಯಲ್ಲಿ ಟೇಪು ತುಂಬುತ್ತ ಕೆಲಸ ಕಲಿಯುತ್ತಿದ್ದರು. ಕೀಲಿಮಣೆಯ ಮೇಲೆ ಬಣ್ಣಬಣ್ಣದ ಚೀಟಿ ಅಂಟಿಸಿದ ಶಾರ್ಟ್‌ಕಟ್‌ಗಳೇ ಅವರ ಮೂಲಾಕ್ಷರ. ಎಫ್‌ಸಿಪಿ ಬರುತ್ತದೆ ಎಂದರೆ ಈ ಊರಿನಲ್ಲಿ ಹೊಟ್ಟೆ ಹೊರೆಯಬಹುದು ಎಂದರ್ಥ.

ಹಳೆಯದಕ್ಕೆ ವಯಸ್ಸಾಗಿತ್ತು ಎಂಬುದನ್ನೂ ಹೇಳಬೇಕು. 2009ರಲ್ಲಿ ಬಂದ ಏಳನೆಯ ಆವೃತ್ತಿ 32 ಬಿಟ್‌ನ ತಂತ್ರಾಂಶ. ಯಂತ್ರದಲ್ಲಿ ಎಷ್ಟೇ ಮೆಮೊರಿ ತುಂಬಿದರೂ ಅದು ಬಳಸುತ್ತಿದ್ದುದು ಗರಿಷ್ಠ 4 ಜಿಬಿ. ಒಂದು ಪರಿಣಾಮ ಹಾಕಿದರೆ ರೆಂಡರ್ ಆಗುವ ತನಕ ಚಹಾ ಕುಡಿದು ಬರಬೇಕು. ಮೇಲಿನಿಂದ ಕೆಳಗಿನವರೆಗೆ ಹೊಸದಾಗಿ ಬರೆಯಬೇಕು ಎಂದು ಬೇಡಿದ್ದವರು ಎಡಿಟರುಗಳೇ. ಜೊತೆಗೆ ಅವರಿಗೆ ಅನುಮಾನವೂ ಇತ್ತು. ವಿಶೇಷ ಪರಿಣಾಮಗಳ 'ಶೇಕ್' ತಂತ್ರಾಂಶವನ್ನು ಆ್ಯಪಲ್ ಕೊಂಡು, ಬೆಳೆಸಿ, 2009ರಲ್ಲಿ ನಿಲ್ಲಿಸಿತ್ತು. 2011ರ ಜನವರಿಗೆ ಎಕ್ಸ್‌ಸರ್ವ್ ಎಂಬ ಸರ್ವರ್ ಯಂತ್ರವೂ ಹೋಯಿತು. ಐಫೋನಿನಲ್ಲಿ ಇಷ್ಟು ದುಡ್ಡು ಬರುತ್ತಿರುವಾಗ ಕತ್ತಲೆ ಕೋಣೆಯಲ್ಲಿ ಕೂತಿರುವ ನಮ್ಮ ನೆನಪು ಇವರಿಗಿದೆಯೇ ಎಂಬ ಪ್ರಶ್ನೆ ಗಾಳಿಯಲ್ಲಿತ್ತು.

2011ರ ಏಪ್ರಿಲ್ 12ರಂದು ಲಾಸ್ ವೇಗಸ್‌ನಲ್ಲಿ, ಫೈನಲ್ ಕಟ್ ಬಳಕೆದಾರರು ತಾವೇ ಸೇರಿಸಿದ್ದ ಸಭೆಯೊಂದರಲ್ಲಿ, ಆ್ಯಪಲ್ ಹೊಸ ಆವೃತ್ತಿಯನ್ನು ತೋರಿಸಿತು. ಯುಬಿಲೋಸ್ ಸ್ವತಃ ವೇದಿಕೆಯ ಮೇಲಿದ್ದ. 64 ಬಿಟ್, ಹಿನ್ನೆಲೆಯಲ್ಲೇ ರೆಂಡರ್, ಬೆಲೆ 299 ಡಾಲರ್. ಸಭೆ ಚಪ್ಪಾಳೆಯಿಂದ ಮುಳುಗಿತು. ಅಂದು ತೋರಿಸಿದ್ದನ್ನೆಲ್ಲ ಜನ ಗಮನಿಸಿದರು, ತೋರಿಸದೇ ಇದ್ದುದನ್ನು ಕೆಲವರಷ್ಟೇ ಗಮನಿಸಿದರು.

ಜೂನ್ 21ರಂದು ಅದು ಕೈಗೆ ಬಂತು. ಹೆಸರಿನ ತುದಿಯಲ್ಲಿ ಆಗ ಎಕ್ಸ್ ಎಂದು ಬರೆದು 'ಟೆನ್' ಎಂದು ಓದಬೇಕಿತ್ತು. ಮೊದಲ ಆಘಾತ ಕಣ್ಣಿಗೆ. ಹಳೆಯ ಸಂಕಲನದ ಪರದೆಯಲ್ಲಿ ಚಿತ್ರಕ್ಕೂ ಧ್ವನಿಗೂ ಒಂದರ ಮೇಲೊಂದು ಸಾಲುಗಳಿರುತ್ತಿದ್ದವು. ಅವಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಮೊದಲೆರಡು ಸಾಲಿನಲ್ಲಿ ಮಾತು, ಅದರ ಕೆಳಗೆ ಬಾಗಿಲು ಬಡಿದ ಸದ್ದು, ನಾಯಿ ಬೊಗಳಿದ್ದು, ಕೊನೆಯಲ್ಲಿ ಸಂಗೀತ. ಒಗ್ಗರಣೆ ಡಬ್ಬಿಯ ಹಾಗೆ. ಸಾಸಿವೆ ಎಲ್ಲಿದೆ, ಜೀರಿಗೆ ಎಲ್ಲಿದೆ ಎಂದು ನೋಡದೆಯೇ ಕೈ ಹೋಗುತ್ತದೆ. ಹೊಸದರಲ್ಲಿ ಸಾಲುಗಳೇ ಇಲ್ಲ. ಒಂದು ಮುಖ್ಯ ಕಥಾಸರಣಿ. ಉಳಿದ ತುಣುಕುಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಒಂದನ್ನು ಎಳೆದರೆ ಪಕ್ಕದವು ತಾವಾಗಿಯೇ ಸರಿದು ಜಾಗ ಕೊಡುತ್ತವೆ. ಆ್ಯಪಲ್ ಇದನ್ನು ಮ್ಯಾಗ್ನೆಟಿಕ್ ಟೈಮ್‌ಲೈನ್ ಎಂದು ಕರೆಯಿತು. ಜಾಣತನದ ಯೋಚನೆಯೇ. ಆದರೆ ಅಡುಗೆ ಅರ್ಧವಾಗಿರುವಾಗ ಡಬ್ಬಿ ಬದಲಾದರೆ ಏನಾಗುತ್ತದೆಂದು ಅಡುಗೆ ಮಾಡುವವರಿಗೆ ಗೊತ್ತು.

ನಿಜವಾದ ಪೆಟ್ಟು ಅದಲ್ಲ. ಎಡಿಟರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅವನ ಕೈಯಿಂದ ಧ್ವನಿ ಒಂದು ಕೋಣೆಗೆ ಹೋಗಬೇಕು, ಬಣ್ಣ ಹೊಂದಿಸುವವನಿಗೆ ಚಿತ್ರ ಹೋಗಬೇಕು, ಎಲ್ಲಿ ಕತ್ತರಿ ಬಿದ್ದಿದೆ ಎಂಬ ಪಟ್ಟಿ ಲ್ಯಾಬಿಗೆ ಹೋಗಬೇಕು. ಹೀಗೆ ದಾಟಿಸುವುದಕ್ಕೆ ಓಎಂಎಫ್, ಇಡಿಎಲ್, ಎಕ್ಸ್‌ಎಂಎಲ್ ಎಂಬ ಫೈಲುಗಳಿವೆ. ಹೊಸ ಫೈನಲ್ ಕಟ್‌ನಲ್ಲಿ ಇವು ಯಾವುವೂ ಇರಲಿಲ್ಲ. ನಾಲ್ಕೈದು ಕ್ಯಾಮೆರಾದ ಚಿತ್ರಗಳನ್ನು ಒಟ್ಟಿಗೆ ನೋಡಿ ಆರಿಸುವ ಮಲ್ಟಿಕ್ಯಾಮ್ ಇರಲಿಲ್ಲ; ಅದಿಲ್ಲದೆ ಟಿವಿಯವರ ಕೆಲಸ ನಡೆಯದು. ಪ್ರಸಾರ ಗುಣಮಟ್ಟದ ಮಾನಿಟರಿಗೆ ಚಿತ್ರ ಕಳಿಸುವ ದಾರಿ ಇರಲಿಲ್ಲ. ಹಿಂದಿನ ಆವೃತ್ತಿಯ ಪ್ರಾಜೆಕ್ಟ್ ಫೈಲುಗಳು ತೆರೆಯುತ್ತಿರಲಿಲ್ಲ. ಇತ್ತ ಹಳೆಯ ಫೈನಲ್ ಕಟ್ ಸ್ಟುಡಿಯೋ ಕೊಳ್ಳೋಣವೆಂದರೆ ಅದು ಮಾರಾಟದಲ್ಲಿಲ್ಲ. ಅದರ ಜೊತೆಗಿದ್ದ ಕಲರ್, ಸೌಂಡ್‌ಟ್ರ್ಯಾಕ್ ಪ್ರೊ, ಡಿವಿಡಿ ಸ್ಟುಡಿಯೋ ಪ್ರೊ ಸಹ ಹೋದವು. ಹತ್ತು ಯಂತ್ರವಿದ್ದ ಸಂಸ್ಥೆಗೆ ಹನ್ನೊಂದನೆಯದು ಬೇಕಾದರೆ ಅದಕ್ಕೆ ಹಳೆಯ ತಂತ್ರಾಂಶದ ಹೊಸ ಲೈಸೆನ್ಸ್ ಸಿಗುವ ಹಾಗಿಲ್ಲ.

ಇಲ್ಲಿ ಒಂದು ಹೋಲಿಕೆ ನೆನಪಾಗುತ್ತದೆ. 2007ರಲ್ಲಿ ಇದೇ ಯುಬಿಲೋಸ್ ಮನೆಬಳಕೆಯ ಐಮೂವಿಯನ್ನು ಪೂರ್ತಿ ಹೊಸದಾಗಿ ಬರೆದಿದ್ದ. ಆಗಲೂ ಟೈಮ್‌ಲೈನ್ ಎಲ್ಲಿ ಹೋಯಿತು ಎಂದು ಜನ ಕೂಗಿದ್ದರು. ಆ್ಯಪಲ್ ಹಳೆಯ ಐಮೂವಿಯನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟಿತು, ಗಲಾಟೆ ತಣ್ಣಗಾಯಿತು. ಮಕ್ಕಳ ಹುಟ್ಟುಹಬ್ಬದ ವಿಡಿಯೋ ಮಾಡುವವರಿಗೆ ಸಿಕ್ಕ ಈ ಸೌಜನ್ಯ, ನಾಲ್ಕು ವರ್ಷದ ನಂತರ ಅದರಿಂದಲೇ ಅನ್ನ ತಿನ್ನುವವರಿಗೆ ಸಿಗಲಿಲ್ಲ.

ಸಿಟ್ಟು ಬಗೆಬಗೆಯಾಗಿ ಹೊರಬಂತು. ಇದು ವೃತ್ತಿಪರ ತಂತ್ರಾಂಶವಲ್ಲ, ಹಳೆಯದನ್ನು ಮರಳಿ ಕೊಡಿ ಎಂಬ ಮನವಿಗೆ ಸಾವಿರಾರು ಜನ ಸಹಿ ಹಾಕಿದರು. 'ಐಮೂವಿ ಪ್ರೊ' ಎಂಬ ಅಡ್ಡಹೆಸರು ಅಂಟಿತು. ಅಮೆರಿಕದ ಹಾಸ್ಯಗಾರ ಕೋನನ್ ಓಬ್ರಿಯನ್ ತನ್ನ ಟಿವಿ ಕಾರ್ಯಕ್ರಮದಲ್ಲಿ ತನ್ನದೇ ಎಡಿಟರುಗಳನ್ನು ಕೂರಿಸಿ ಹೊಸ ಫೈನಲ್ ಕಟ್ ಅನ್ನು ಹೊಗಳಿಸಿದ. ಅವರು ಹೊಗಳುತ್ತಿದ್ದ ಹಾಗೆಯೇ ಆ ದೃಶ್ಯದ ಸಂಕಲನ ತಲೆಕೆಳಗಾಗುತ್ತ ಹೋಯಿತು. ಎಡಿಟರ್ ಎಂದರೆ ಯಾರೆಂದೇ ಗೊತ್ತಿಲ್ಲದ ಪ್ರೇಕ್ಷಕರು ಅಂದು ರಾತ್ರಿ ಅವರ ಸಂಕಟ ನೋಡಿ ನಕ್ಕರು. ಆ್ಯಪಲ್ ಒಂದು ಪ್ರಶ್ನೋತ್ತರ ಪ್ರಕಟಿಸಿ, ಮಲ್ಟಿಕ್ಯಾಮ್ ಬರುತ್ತದೆ, ಎಕ್ಸ್‌ಎಂಎಲ್‌ಗೆ ದಾರಿ ಮಾಡುತ್ತೇವೆ, ಆದರೆ ಹಳೆಯ ಪ್ರಾಜೆಕ್ಟುಗಳನ್ನು ಹೊಸದಕ್ಕೆ ತರುವ ದಾರಿ ಇಲ್ಲ ಎಂದಿತು. ಕೇಳಿದ ಕೆಲವರಿಗೆ ದುಡ್ಡು ವಾಪಸು ಕೊಟ್ಟಿತು. ಅಡೋಬಿ ತನ್ನ ಕಡೆ ಬರುವವರಿಗೆ ಅರ್ಧ ಬೆಲೆ ಎಂದು ಸಾರಿತು. ಆವಿಡ್ ಕೂಡ ರಿಯಾಯಿತಿ ಹಿಡಿದು ನಿಂತಿತು.

ಹಳೆಯ ಪ್ರಾಜೆಕ್ಟ್ ಫೈಲು ಯಾಕೆ ಅಷ್ಟು ಮುಖ್ಯ ಎಂದು ಹೊರಗಿನವರಿಗೆ ಅನಿಸಬಹುದು. ಮುಗಿದ ಚಿತ್ರ ಇದೆಯಲ್ಲ? ಮುಗಿದ ಚಿತ್ರ ಎಂದರೆ ಹೊಲಿದಾದ ಅಂಗಿ. ಪ್ರಾಜೆಕ್ಟ್ ಫೈಲು ಎಂದರೆ ಅಳತೆ ಪುಸ್ತಕ, ಗುರುತು ಹಾಕಿದ ಬಟ್ಟೆ, ಬಿಚ್ಚಿ ಮತ್ತೆ ಹೊಲಿಯುವ ಅವಕಾಶ. ಚಾನೆಲ್‌ನವರು ಆರು ತಿಂಗಳ ಮೇಲೆ ಇಪ್ಪತ್ತೆರಡು ನಿಮಿಷದ ಆವೃತ್ತಿ ಬೇಕು ಎನ್ನುತ್ತಾರೆ. ಜಾಹೀರಾತಿನ ಗಿರಾಕಿ ಲೋಗೋ ಬದಲಾಗಿದೆ ಎನ್ನುತ್ತಾನೆ. ಸಾಕ್ಷ್ಯಚಿತ್ರ ಮಾಡುವವನಿಗೆ ಐದು ವರ್ಷದ ಸಂದರ್ಶನಗಳೂ, ಬಿಟ್ಟ ತುಣುಕುಗಳೂ ಅದರೊಳಗೇ ಇರುತ್ತವೆ. ಡಿಸ್ಕಿನ ಮೇಲೆ ದೃಶ್ಯಗಳೆಲ್ಲ ಸುರಕ್ಷಿತವಾಗಿಯೇ ಇರುತ್ತವೆ. ಅವುಗಳ ನಡುವೆ ಎಡಿಟರ್ ಕಟ್ಟಿದ ಸಂಬಂಧ ಮಾತ್ರ ಇನ್ನೊಬ್ಬರ ಬೀಗದೊಳಗಿರುತ್ತದೆ. ಕೆಲಸ ನಮ್ಮದು, ಕೀಲಿ ಕಂಪನಿಯದು ಎಂಬುದು 2011ರ ಜೂನ್‌ನಲ್ಲಿ ಮೊದಲ ಸಲ ಇಷ್ಟು ಜನಕ್ಕೆ ಒಟ್ಟಿಗೆ ತಿಳಿಯಿತು.

ತಿದ್ದುಪಡಿಗಳು ಬಂದವು. ಸೆಪ್ಟೆಂಬರ್ ಹೊತ್ತಿಗೆ ಆ್ಯಪಲ್ ಸದ್ದಿಲ್ಲದೆ, ಫೋನ್ ಮಾಡಿ ಕೇಳಿದವರಿಗೆ, ಹಳೆಯ ಸ್ಟುಡಿಯೋ ಮತ್ತೆ ಮಾರತೊಡಗಿತು. ಅದೇ ತಿಂಗಳ 20ರಂದು ಎಕ್ಸ್‌ಎಂಎಲ್ ಬಂತು. 2012ರ ಜನವರಿ 31ರಂದು ಮಲ್ಟಿಕ್ಯಾಮ್, ಜೊತೆಗೆ ಪ್ರಸಾರ ಮಾನಿಟರಿನ ದಾರಿ. ಹಳೆಯ ಪ್ರಾಜೆಕ್ಟನ್ನು ಹೊಸದಕ್ಕೆ ಒಯ್ಯುವ '7 ಟು ಎಕ್ಸ್' ಎಂಬ ಪುಟ್ಟ ಉಪಕರಣವೂ ಆ ತಿಂಗಳೇ ಬಂತು. ಅದನ್ನು ಮಾಡಿದ್ದು ಆ್ಯಪಲ್ ಅಲ್ಲ, ಹೊರಗಿನವರು. ಅಸಾಧ್ಯವೆಂದಿದ್ದು ಅಷ್ಟೇನೂ ಅಸಾಧ್ಯವಾಗಿರಲಿಲ್ಲ. 2012ರ ಅಕ್ಟೋಬರಿನಲ್ಲಿ ಎರಡು ವ್ಯೂವರ್, 2013ರ ಡಿಸೆಂಬರಿನಲ್ಲಿ ಪ್ರಾಜೆಕ್ಟುಗಳನ್ನು ಜೋಡಿಸಿಡುವ ಕ್ರಮವೇ ಬದಲು. ಒಂದೊಂದು ತಿದ್ದುಪಡಿಗೂ ಎಡಿಟರುಗಳ ಪ್ರತಿಕ್ರಿಯೆ ಒಂದೇ ಥರ: ಇದು ಮೊದಲ ದಿನವೇ ಇರಬೇಕಿತ್ತಲ್ಲ? ಆ ಹೊತ್ತಿಗೆ ಬಹಳ ಮಂದಿ ಊಟಕ್ಕೆ ಬೇರೆ ಮನೆ ನೋಡಿಕೊಂಡಾಗಿತ್ತು. ಬ್ಯಾಕ್ಸ್‌ಟರ್ 2014ರ 'ಗಾನ್ ಗರ್ಲ್' ಸಂಕಲಿಸಿದ್ದು ಅಡೋಬಿ ಪ್ರೀಮಿಯರ್‌ನಲ್ಲಿ. ಅಡೋಬಿಯಾದರೂ ಏನು, 2013ರಲ್ಲಿ ಹೊಸ ಆವೃತ್ತಿಗಳನ್ನು ಮಾರುವುದನ್ನೇ ಬಿಟ್ಟು ಬಾಡಿಗೆಗೆ ಮಾತ್ರ ಕೊಡತೊಡಗಿತು, ಅದಕ್ಕೂ ಮನವಿ, ಅದಕ್ಕೂ ಸಹಿ.

ಎಡಿಟರುಗಳ ಭವಿಷ್ಯವಾಣಿ ಪೂರ್ತಿ ನಿಜವಾಗಲಿಲ್ಲ ಎಂಬುದನ್ನು ಒಪ್ಪಬೇಕು. ಹೊಸ ಫೈನಲ್ ಕಟ್ ಸಾಯಲಿಲ್ಲ. ವಿಲ್ ಸ್ಮಿತ್ ನಟಿಸಿದ 2015ರ 'ಫೋಕಸ್' ಅದರಲ್ಲೇ ಸಂಕಲನಗೊಂಡಿತು. ಒಂಟಿಯಾಗಿ ಚಿತ್ರೀಕರಿಸಿ, ಕತ್ತರಿಸಿ, ಸಂಜೆಯೊಳಗೆ ಯೂಟ್ಯೂಬಿಗೆ ಹಾಕುವ ಹೊಸ ಪೀಳಿಗೆಗೆ ಟ್ರ್ಯಾಕ್ ಇಲ್ಲದ ಆ ಪರದೆ ಸಹಜವಾಗಿಯೇ ಒಗ್ಗಿತು. ಅವರಿಗೆ ಕಳೆದುಕೊಳ್ಳಲು ಹಳೆಯ ಫೈಲುಗಳಿರಲಿಲ್ಲ. ಆದರೆ ದೊಡ್ಡ ಚಿತ್ರರಂಗದಲ್ಲಿ ಬಿರುಕು ಕೂಡಿಕೊಳ್ಳಲಿಲ್ಲ. 2022ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಚಲನಚಿತ್ರ ಮತ್ತು ಟಿವಿ ಎಡಿಟರುಗಳು ಟಿಮ್ ಕುಕ್‌ಗೆ ಬಹಿರಂಗ ಪತ್ರ ಬರೆದರು. ಈ ಸಲ ಬರೆದವರಲ್ಲಿ ಹೊಸ ಫೈನಲ್ ಕಟ್ ಅನ್ನು ಮೆಚ್ಚಿದವರೇ ಇದ್ದರು. ನಮಗಿದು ಇಷ್ಟ, ಆದರೆ ಸ್ಟುಡಿಯೋಗಳು ಒಪ್ಪುವುದಿಲ್ಲ, ಒಟ್ಟಿಗೆ ಕೂತು ಕೆಲಸ ಮಾಡುವ ಸೌಲಭ್ಯ ಕೊಡಿ, ವೃತ್ತಿಪರರ ಜೊತೆ ನಿಲ್ಲುತ್ತೀರಿ ಎಂದು ಬಾಯಿಬಿಟ್ಟು ಹೇಳಿ ಎಂಬುದು ಅವರ ಕೋರಿಕೆ.

ಬಾಂಗ್ ಜೂನ್ ಹೋ ಅವರ 'ಪ್ಯಾರಸೈಟ್' 2020ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಸಂಕಲನಕ್ಕೆ ನಾಮನಿರ್ದೇಶನ ಪಡೆದಿತ್ತು. ಎಡಿಟರ್ ಯಾಂಗ್ ಜಿನ್‌ಮೋ ಅದನ್ನು ಸಂಕಲಿಸಿದ್ದು ಹಳೆಯ ಫೈನಲ್ ಕಟ್ ಪ್ರೊ 7ರಲ್ಲಿ, ಆ್ಯಪಲ್ ಕೈಬಿಟ್ಟು ವರ್ಷಗಳೇ ಕಳೆದಿದ್ದ ತಂತ್ರಾಂಶದಲ್ಲಿ. ಅಷ್ಟರಲ್ಲಿ 2017ರ ಹೈ ಸಿಯೆರಾ ಬಂದು, ಮ್ಯಾಕ್‌ನ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡಿದರೆ ಹಳೆಯ ಫೈನಲ್ ಕಟ್ ಓಡುವುದೇ ಇಲ್ಲ ಎಂದಾಗಿತ್ತು. ಓಶಿವಾರಾದ ಒಂದು ಕೋಣೆಯಲ್ಲಿ ನಾನು ಕಂಡ ಬೆಳ್ಳಿಬಣ್ಣದ ಹಳೆಯ ಮ್ಯಾಕ್ ಪ್ರೊಗೆ ಅದಕ್ಕೇ ಇಂಟರ್ನೆಟ್ ತಂತಿ ಹಾಕಿರಲಿಲ್ಲ. ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಯ ಮೇಲೆ ಮಾರ್ಕರಿನಲ್ಲಿ ಹಿಂದಿಯಲ್ಲಿ ಬರೆದಿತ್ತು: ಅಪ್‌ಡೇಟ್ ಮತ್ ಕರ್‌ನಾ.