ಸ್ಕ್ವಾಷ್: ಜಿಲ್ಲೆಯಿಂದ ಏಷ್ಯಾದವರೆಗೆ ಆಡಳಿತ ಸಂಸ್ಥೆಗಳ ಪಾತ್ರವೇನು?

ಕಲಬುರಗಿ: ನಗರದ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ ಸ್ಕ್ವಾಷ್ ಬೇಕೆಂದು ಕೇಳಿದರೆ ಕಿತ್ತಳೆ ಅಥವಾ ನಿಂಬೆ ಪಾನಕದ ಬಾಟಲಿ ಮುಂದೆ ಬಂದರೆ ಅಚ್ಚರಿಪಡಬೇಕಿಲ್ಲ. ಕ್ರಿಕೆಟ್, ಕಬಡ್ಡಿ, ವಾಲಿಬಾಲ್, ಬ್ಯಾಡ್ಮಿಂಟನ್‌ಗಳಿಗೆ ಒಗ್ಗಿಕೊಂಡಿರುವ ಕಲ್ಯಾಣ ಕರ್ನಾಟಕದ ಜನರಿಗೆ ಸ್ಕ್ವಾಷ್ ಎಂಬುದು ಆಟದ ಹೆಸರೂ ಹೌದು ಎಂಬ ಸಂಗತಿ ಇತ್ತೀಚಿನವರೆಗೆ ಅಷ್ಟಾಗಿ ಪರಿಚಿತವಿರಲಿಲ್ಲ. ಆದರೆ 2023ರ ಅಕ್ಟೋಬರ್ 16ರಂದು ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಸೇರ್ಪಡೆಗೆ ಒಪ್ಪಿಗೆ ನೀಡಿದ ಬಳಿಕ ಪರಿಸ್ಥಿತಿ ಬದಲಾಗಿದೆ. ಕ್ಲಬ್‌ಗಳ ಗೋಡೆಯೊಳಗಿನ ಆಟವೊಂದು ಒಲಿಂಪಿಕ್ ಪದಕದ ಆಟವಾಗಿದೆ.

ಹಾಗಾದರೆ ಕಲಬುರಗಿಯ ಅಥವಾ ಕಮಲಾಪುರದ ಬಾಲಕಿಯೊಬ್ಬಳು ಈ ಆಟವನ್ನು ಕಲಿತು ರಾಜ್ಯ, ದೇಶಗಳ ಪರವಾಗಿ ಆಡಬೇಕೆಂದರೆ ದಾರಿ ಯಾವುದು? ಆ ದಾರಿಯನ್ನು ನಿರ್ಧರಿಸುವವರು ಯಾರು? ಕ್ರೀಡಾಪಟುವಿನ ಪರಿಶ್ರಮದಷ್ಟೇ ಮಹತ್ವ ಇಲ್ಲಿ ಆಡಳಿತ ಸಂಸ್ಥೆಗಳಿಗೂ ಇದೆ.

ಆಟದ ಪರಿಚಯ

ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ 19ನೇ ಶತಮಾನದ ಪೂರ್ವಾರ್ಧದಲ್ಲಿ ಹುಟ್ಟಿದ ಆಟವಿದು. ನಾಲ್ಕು ಗೋಡೆಗಳ ನಡುವೆ ಇಬ್ಬರು ಆಟಗಾರರು ಸರದಿಯಂತೆ ರಬ್ಬರ್ ಚೆಂಡನ್ನು ಮುಂಭಾಗದ ಗೋಡೆಗೆ ಹೊಡೆಯುತ್ತಾರೆ. ಚೆಂಡು ಎರಡನೇ ಬಾರಿ ನೆಲಕ್ಕೆ ಪುಟಿಯುವ ಮೊದಲೇ ಎದುರಾಳಿ ಅದನ್ನು ಹಿಂದಿರುಗಿಸಬೇಕು. ಅಂಗಳದ ಉದ್ದ 9.75 ಮೀಟರ್, ಅಗಲ 6.40 ಮೀಟರ್. ಅಂದರೆ ಬ್ಯಾಡ್ಮಿಂಟನ್ ಡಬಲ್ಸ್ ಅಂಗಳಕ್ಕಿಂತ ಕಡಿಮೆ ಜಾಗ ಸಾಕು. ಆದರೆ ಗಟ್ಟಿಯಾದ ನುಣುಪು ಗೋಡೆಗಳು, ಮರದ ನೆಲಹಾಸು, ಎತ್ತರದ ಛಾವಣಿ ಮತ್ತು ಉತ್ತಮ ಬೆಳಕು ಬೇಕಾಗುವುದರಿಂದ ಬಯಲಿನಲ್ಲಿ ಗೆರೆ ಎಳೆದು ಆಡುವಂತಿಲ್ಲ. ಆಟ ಜನಸಾಮಾನ್ಯರಿಂದ ದೂರ ಉಳಿಯಲು ಇದೇ ಮುಖ್ಯ ಕಾರಣ.

ಭಾರತಕ್ಕೆ ಈ ಆಟ ಬಂದದ್ದು ಬ್ರಿಟಿಷ್ ದಂಡು ಪ್ರದೇಶಗಳು ಮತ್ತು ಕ್ಲಬ್‌ಗಳ ಮೂಲಕ. 1944ರಲ್ಲಿ ಮುಂಬೈಯಲ್ಲಿ ನಡೆದ ಅಖಿಲ ಭಾರತ ಚಾಂಪಿಯನ್‌ಷಿಪ್ ಗೆದ್ದ ಹಾಶಿಮ್ ಖಾನ್ ಪೆಶಾವರದ ಸಮೀಪದ ಹಳ್ಳಿಯವರು. ದೇಶ ವಿಭಜನೆಯ ನಂತರ ಅವರು ಪಾಕಿಸ್ತಾನದ ಪರ ಆಡಿ ವಿಶ್ವಖ್ಯಾತಿ ಗಳಿಸಿದರು. ಅವರು ಸೋಲಿಸಿದ್ದ ಮುಂಬೈಯ ಅಬ್ದುಲ್ ಬಾರಿ 1950ರಲ್ಲಿ ಬ್ರಿಟಿಷ್ ಓಪನ್ ಫೈನಲ್ ತಲುಪಿದ್ದರು.

ಐದು ಮೆಟ್ಟಿಲುಗಳು

ಸ್ಕ್ವಾಷ್ ಆಡಳಿತವನ್ನು ಐದು ಮೆಟ್ಟಿಲುಗಳಾಗಿ ನೋಡಬಹುದು. ಕೆಳಗಿನದು ಕ್ಲಬ್ ಮತ್ತು ಜಿಲ್ಲಾ ಮಟ್ಟ. ಅದರ ಮೇಲೆ ರಾಜ್ಯ ಸಂಸ್ಥೆ, ಬಳಿಕ ರಾಷ್ಟ್ರೀಯ ಫೆಡರೇಷನ್, ಅದರ ಮೇಲೆ ಖಂಡದ ಒಕ್ಕೂಟ, ತುದಿಯಲ್ಲಿ ವಿಶ್ವ ಸಂಸ್ಥೆ.

ವಿಶ್ವ ಸಂಸ್ಥೆ ರೂಪುಗೊಂಡದ್ದು 1967ರಲ್ಲಿ. ಅಂತರರಾಷ್ಟ್ರೀಯ ಸ್ಕ್ವಾಷ್ ರಾಕೆಟ್ಸ್ ಫೆಡರೇಷನ್ ಎಂಬ ಹೆಸರಿನ ಆ ಸಂಸ್ಥೆಯ ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದು. 1992ರಲ್ಲಿ ಅದರ ಹೆಸರು ವಿಶ್ವ ಸ್ಕ್ವಾಷ್ ಫೆಡರೇಷನ್ ಎಂದಾಯಿತು. ಅದರಡಿಯಲ್ಲಿ ಏಷ್ಯಾ, ಯುರೋಪ್, ಆಫ್ರಿಕಾ, ಓಷಿಯಾನಿಯಾ ಮತ್ತು ಅಮೆರಿಕ ಖಂಡಗಳಿಗೆ ಒಂದೊಂದರಂತೆ ಐದು ಪ್ರಾದೇಶಿಕ ಒಕ್ಕೂಟಗಳಿವೆ. ಹಣದ ಬಹುಮಾನವಿರುವ ವೃತ್ತಿಪರ ಟೂರ್ನಿಗಳು ಮತ್ತು ವಿಶ್ವ ರ‍್ಯಾಂಕಿಂಗ್ ಮಾತ್ರ ಆಟಗಾರರ ಸಂಘಟನೆಯಾದ ವೃತ್ತಿಪರ ಸ್ಕ್ವಾಷ್ ಸಂಸ್ಥೆ, ಅಂದರೆ ಪಿಎಸ್‌ಎಯ ಉಸ್ತುವಾರಿಯಲ್ಲಿವೆ. ದೇಶದ ಪರ ಆಡುವುದು ಒಂದು ವ್ಯವಸ್ಥೆಯಾದರೆ, ವೃತ್ತಿಯಾಗಿ ಆಡುವುದು ಮತ್ತೊಂದು. ಈ ವ್ಯತ್ಯಾಸ ಪೋಷಕರಿಗೆ ತಿಳಿದಿರುವುದು ಅಗತ್ಯ.

ಏಷ್ಯಾ ಒಕ್ಕೂಟದ ಹೊಣೆ

ಏಷ್ಯಾ ಸ್ಕ್ವಾಷ್ ಫೆಡರೇಷನ್ ಅಸ್ತಿತ್ವಕ್ಕೆ ಬಂದದ್ದು 1980ರಲ್ಲಿ. ಮರುವರ್ಷವೇ ಪಾಕಿಸ್ತಾನದ ಕರಾಚಿಯಲ್ಲಿ ಮೊದಲ ಏಷ್ಯಾ ತಂಡ ಚಾಂಪಿಯನ್‌ಷಿಪ್ ನಡೆಯಿತು. ವೈಯಕ್ತಿಕ, ತಂಡ, ಡಬಲ್ಸ್ ಮತ್ತು ಜೂನಿಯರ್ ವಿಭಾಗಗಳ ಏಷ್ಯಾ ಸ್ಪರ್ಧೆಗಳನ್ನು ನಡೆಸುವುದು, ತೀರ್ಪುಗಾರರು ಮತ್ತು ತರಬೇತುದಾರರನ್ನು ಸಜ್ಜುಗೊಳಿಸುವುದು, ಏಷ್ಯಾ ಕ್ರೀಡಾಕೂಟದಲ್ಲಿ ಆಟದ ತಾಂತ್ರಿಕ ವ್ಯವಸ್ಥೆಗೆ ನೆರವಾಗುವುದು ಹಾಗೂ ಸದಸ್ಯ ರಾಷ್ಟ್ರಗಳ ದನಿಯನ್ನು ವಿಶ್ವ ಸಂಸ್ಥೆಗೆ ಮುಟ್ಟಿಸುವುದು ಪ್ರಾದೇಶಿಕ ಒಕ್ಕೂಟದ ಪ್ರಮುಖ ಕೆಲಸಗಳು.

ಖಂಡ ಮಟ್ಟದ ಸ್ಪರ್ಧೆಗಳು ಏಕೆ ಬೇಕೆಂಬುದಕ್ಕೆ ಭಾರತದ ಅನುಭವವೇ ಉತ್ತರ. ಏಷ್ಯಾ ಕ್ರೀಡಾಕೂಟಕ್ಕೆ ಸ್ಕ್ವಾಷ್ ಸೇರಿದ್ದು 1998ರಲ್ಲಿ, ಬ್ಯಾಂಕಾಕ್‌ನಲ್ಲಿ. ಭಾರತಕ್ಕೆ ಮೊದಲ ಪದಕ ದೊರೆತದ್ದು 2006ರಲ್ಲಿ, ದೋಹಾದಲ್ಲಿ ಸೌರವ್ ಘೋಷಾಲ್ ಕಂಚು ಗೆದ್ದಾಗ. 2010ರಲ್ಲಿ ತಂಡ ವಿಭಾಗಗಳು ಸೇರ್ಪಡೆಯಾದವು. 2014ರ ಇಂಚೆನ್ ಕೂಟದಲ್ಲಿ ಪುರುಷರ ತಂಡ ಚಿನ್ನ ಗೆದ್ದಿತು. 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲಿ ಪುರುಷರ ತಂಡದ ಚಿನ್ನದ ಜತೆಗೆ ಮಿಶ್ರ ಡಬಲ್ಸ್‌ನಲ್ಲಿ ದೀಪಿಕಾ ಪಳ್ಳಿಕಲ್ ಮತ್ತು ಹರಿಂದರ್ ಪಾಲ್ ಸಂಧು ಚಿನ್ನ ತಂದರು.

2017ರಲ್ಲಿ ಚೆನ್ನೈಯಲ್ಲಿ ನಡೆದ ಏಷ್ಯಾ ವೈಯಕ್ತಿಕ ಚಾಂಪಿಯನ್‌ಷಿಪ್ ಗೆದ್ದವರು ಕೊಡಗು ಮೂಲದ ಜೋಷ್ನಾ ಚಿಣ್ಣಪ್ಪ. ಆ ಪ್ರಶಸ್ತಿ ಗಳಿಸಿದ ಮೊದಲ ಭಾರತೀಯರು ಅವರು. 2019ರಲ್ಲಿ ಕ್ವಾಲಾಲಂಪುರದಲ್ಲಿ ಅವರು ಪ್ರಶಸ್ತಿ ಉಳಿಸಿಕೊಂಡರೆ, ಪುರುಷರ ಪ್ರಶಸ್ತಿ ಘೋಷಾಲ್ ಪಾಲಾಯಿತು. ಅದೇ ವರ್ಷ ಜೋಷ್ನಾ 17ನೇ ರಾಷ್ಟ್ರೀಯ ಪ್ರಶಸ್ತಿಯೊಂದಿಗೆ ಭುವನೇಶ್ವರಿ ಕುಮಾರಿ ಅವರ 16 ಪ್ರಶಸ್ತಿಗಳ ದಾಖಲೆಯನ್ನು ಮುರಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಚೆನ್ನೈ ಕಲಿಸಿದ ಪಾಠ

ಕೊಡಗಿನ ಮೂಲದ ಆಟಗಾರ್ತಿ ಬೆಳೆದದ್ದು ಕರ್ನಾಟಕದಲ್ಲಿ ಅಲ್ಲ, ಚೆನ್ನೈಯಲ್ಲಿ. ಘೋಷಾಲ್ ಕೂಡ ಕೋಲ್ಕತ್ತದಿಂದ ಚೆನ್ನೈಗೆ ಬಂದು ತರಬೇತಿ ಪಡೆದವರು. ಇದು ಆಕಸ್ಮಿಕವಲ್ಲ. ಭಾರತ ಸ್ಕ್ವಾಷ್ ರಾಕೆಟ್ಸ್ ಫೆಡರೇಷನ್‌ನ ಕೇಂದ್ರಸ್ಥಾನ ಚೆನ್ನೈ. ಈ ಶತಮಾನದ ಆರಂಭದಲ್ಲಿ ಅಲ್ಲಿ ಸ್ಕ್ವಾಷ್ ಅಕಾಡೆಮಿ ತಲೆಯೆತ್ತಿತು. ಮಲೇಷ್ಯಾದ ಮೇಜರ್ ಎಸ್. ಮಣಿಯಂ ಮತ್ತು ಸೈರಸ್ ಪೋಂಚಾ ಅವರ ಮಾರ್ಗದರ್ಶನದಲ್ಲಿ ಒಂದು ತಲೆಮಾರಿನ ಆಟಗಾರರು ರೂಪುಗೊಂಡರು. ಚೆನ್ನೈಯ ಎನ್. ರಾಮಚಂದ್ರನ್ 2008ರಿಂದ 2016ರವರೆಗೆ ವಿಶ್ವ ಸಂಸ್ಥೆಯ ಅಧ್ಯಕ್ಷರಾಗಿದ್ದರು.

ತಮಿಳುನಾಡು ಸರ್ಕಾರದ ಕ್ರೀಡಾ ಪ್ರಾಧಿಕಾರದ ಬೆಂಬಲದಲ್ಲಿ 2023ರಲ್ಲಿ ಚೆನ್ನೈಯಲ್ಲಿ ಸ್ಕ್ವಾಷ್ ವಿಶ್ವಕಪ್ ನಡೆಯಿತು. ಈಜಿಪ್ಟ್ ಚಾಂಪಿಯನ್ ಆಯಿತು. 2025ರ ಡಿಸೆಂಬರ್‌ನಲ್ಲಿ ಅದೇ ನಗರದಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಹಾಂಕಾಂಗ್ ತಂಡವನ್ನು ಸೋಲಿಸಿ ಭಾರತ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಜೋಷ್ನಾ, ಅಭಯ್ ಸಿಂಗ್, ಅನಾಹತ್ ಸಿಂಗ್ ಮತ್ತು ವೇಲವನ್ ಸೆಂಥಿಲ್‌ಕುಮಾರ್ ತಂಡದಲ್ಲಿದ್ದರು. ಈ ಪಂದ್ಯಗಳಿಗೆ ಗಾಜಿನ ಅಂಗಳ ನಿರ್ಮಿಸಿದ್ದು ಎಕ್ಸ್‌ಪ್ರೆಸ್ ಅವೆನ್ಯೂ ಎಂಬ ವಾಣಿಜ್ಯ ಮಳಿಗೆಯ ಒಳಗೆ. ಸಾಮಾನು ಕೊಳ್ಳಲು ಬಂದವರೂ ನಿಂತು ಆಟ ನೋಡಿದರು. ಆಟವನ್ನು ಜನರಿದ್ದಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ರಾಜ್ಯ ಸಂಸ್ಥೆ: ನಡುವಿನ ಕೊಂಡಿ

ಕರ್ನಾಟಕದಲ್ಲಿ ರಾಷ್ಟ್ರೀಯ ಫೆಡರೇಷನ್ನಿನ ಸದಸ್ಯತ್ವ ಹೊಂದಿರುವುದು ಕರ್ನಾಟಕ ರಾಜ್ಯ ಸ್ಕ್ವಾಷ್ ರಾಕೆಟ್ಸ್ ಸಂಸ್ಥೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕ್ರೀಡೆ ರಾಜ್ಯ ಪಟ್ಟಿಗೆ ಸೇರಿದ ವಿಷಯ. ಹಾಗಿದ್ದರೂ ತಂಡದ ಆಯ್ಕೆ ಸರ್ಕಾರದ ಕೆಲಸವಲ್ಲ. ಅದು ಮಾನ್ಯತೆ ಪಡೆದ ಸಂಸ್ಥೆಯ ಹೊಣೆ. ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾಂಗಣ, ಅನುದಾನ, ವಸತಿನಿಲಯಗಳನ್ನು ಒದಗಿಸುತ್ತದೆ. ಆಟದ ನಿಯಮ, ವಯೋಮಿತಿ, ಆಯ್ಕೆ, ತೀರ್ಪುಗಾರರ ನೇಮಕ ಸಂಸ್ಥೆಗೆ ಸೇರಿದ್ದು. ಎರಡೂ ಕೈಗಳು ಸೇರಿದರೆ ಮಾತ್ರ ಚಪ್ಪಾಳೆ.

ರಾಜ್ಯ ಸಂಸ್ಥೆಯೊಂದು ಸಾಮಾನ್ಯವಾಗಿ ಮಾಡಬೇಕಾದ ಕೆಲಸಗಳು ಹೀಗಿವೆ: ಆಟಗಾರರ ನೋಂದಣಿ, ವಯಸ್ಸಿನ ದಾಖಲೆಗಳ ಪರಿಶೀಲನೆ, 13, 15, 17 ಮತ್ತು 19 ವರ್ಷದೊಳಗಿನವರಿಗೆ ರಾಜ್ಯ ಮಟ್ಟದ ಸ್ಪರ್ಧೆ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ತಂಡದ ಆಯ್ಕೆ, ತೀರ್ಪುಗಾರರ ತರಬೇತಿ, ಹೊಸ ಜಿಲ್ಲೆಗಳಿಗೆ ಆಟದ ವಿಸ್ತರಣೆ. ಪಟ್ಟಿಯಲ್ಲಿ ಕೊನೆಯದೇ ಎಲ್ಲಕ್ಕಿಂತ ಕಠಿಣ.

ಪ್ರಮಾಣಪತ್ರದ ಬೆಲೆ

ಸಂಸ್ಥೆಯ ಮಾನ್ಯತೆ ಕೇವಲ ಪ್ರತಿಷ್ಠೆಯ ವಿಷಯವಲ್ಲ, ಹೊಟ್ಟೆಪಾಡಿನ ವಿಷಯವೂ ಹೌದು. ಕೇಂದ್ರ ಸರ್ಕಾರದ ನೌಕರಿಗಳಲ್ಲಿ ಕ್ರೀಡಾ ಕೋಟಾದಡಿ ನೇಮಕಕ್ಕೆ ಅರ್ಹವಾದ ಆಟಗಳ ಪಟ್ಟಿಯಲ್ಲಿ ಸ್ಕ್ವಾಷ್ ಇದೆ. ಈ ಸೌಲಭ್ಯ ಬೇಕೆಂದರೆ ನಿಗದಿತ ನಮೂನೆಯ ಪ್ರಮಾಣಪತ್ರ ಅಗತ್ಯ. ದೇಶದ ಪರ ಆಡಿದವರಿಗೆ ರಾಷ್ಟ್ರೀಯ ಫೆಡರೇಷನ್ನಿನ ಕಾರ್ಯದರ್ಶಿಯೂ, ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯದ ಪರ ಆಡಿದವರಿಗೆ ರಾಷ್ಟ್ರೀಯ ಫೆಡರೇಷನ್ ಅಥವಾ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯೂ ಅದಕ್ಕೆ ಸಹಿ ಹಾಕಬೇಕು. ಮಾನ್ಯತೆಯಿಲ್ಲದ ಸಂಘಟನೆ ಎಷ್ಟೇ ಅದ್ಧೂರಿಯಾಗಿ ರಾಷ್ಟ್ರಮಟ್ಟದ ಪಂದ್ಯಾವಳಿ ನಡೆಸಿದರೂ ಅದು ಕೊಡುವ ಪದಕ ಗೋಡೆಗೆ ಅಲಂಕಾರವಾದೀತೇ ಹೊರತು ಅರ್ಜಿಗೆ ಆಧಾರವಾಗದು. ಕಮಲಾಪುರದ ಕೆಂಪು ಬಾಳೆಯ ರುಚಿ ಮೊದಲಿನಿಂದಲೂ ಇತ್ತು; ಆದರೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತ ಬಳಿಕ ಆ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ಆಟಗಾರರ ಪ್ರತಿಭೆಗೂ ಮಾನ್ಯತೆಗೂ ಇರುವ ಸಂಬಂಧ ಇಂಥದ್ದೇ.

ಆದ್ದರಿಂದ ಮಗುವನ್ನು ಯಾವುದೇ ಅಕಾಡೆಮಿಗೆ ಸೇರಿಸುವ ಮುನ್ನ ಪೋಷಕರು ಕೆಲವು ಪ್ರಶ್ನೆಗಳನ್ನು ಕೇಳುವುದು ಒಳಿತು. ರಾಜ್ಯ ಸಂಸ್ಥೆಯಲ್ಲಿ ಆಟಗಾರರ ಹೆಸರು ನೋಂದಣಿಯಾಗುತ್ತದೆಯೇ? ಸ್ಪರ್ಧೆಯು ರಾಷ್ಟ್ರೀಯ ಫೆಡರೇಷನ್ನಿನ ವೇಳಾಪಟ್ಟಿಯಲ್ಲಿದೆಯೇ? ಆಯ್ಕೆಯ ಮಾನದಂಡ ಮೊದಲೇ ಪ್ರಕಟವಾಗಿದೆಯೇ? ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು?

ಸಂಸ್ಥೆ ಎಡವಿದರೆ ಆಟಗಾರರಿಗೆ ಪೆಟ್ಟು

ಆಡಳಿತದ ತಪ್ಪಿಗೆ ದಂಡ ತೆರುವವರು ಆಟಗಾರರು. 2012ರ ಡಿಸೆಂಬರ್‌ನಲ್ಲಿ ಚುನಾವಣೆಯ ವಿವಾದದಿಂದಾಗಿ ಭಾರತ ಒಲಿಂಪಿಕ್ ಸಂಸ್ಥೆ ಅಮಾನತುಗೊಂಡಿತು. 2014ರ ಫೆಬ್ರುವರಿಯಲ್ಲಿ ಸೋಚಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಭಾರತದ ಸ್ಪರ್ಧಿಗಳು ತ್ರಿವರ್ಣ ಧ್ವಜವಿಲ್ಲದೆ ಹೆಜ್ಜೆ ಹಾಕಬೇಕಾಯಿತು. ಹೊಸ ಚುನಾವಣೆಯಲ್ಲಿ ಸ್ಕ್ವಾಷ್ ಆಡಳಿತಗಾರ ರಾಮಚಂದ್ರನ್ ಅಧ್ಯಕ್ಷರಾದ ಬೆನ್ನಿಗೇ ಅಮಾನತು ತೆರವಾಯಿತು.

ಸ್ಕ್ವಾಷ್‌ನಲ್ಲೂ ಆಟಗಾರರು ದನಿ ಎತ್ತಿದ ಉದಾಹರಣೆಯಿದೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ಪುರುಷರಷ್ಟೇ ಬಹುಮಾನ ಹಣ ನೀಡಬೇಕೆಂದು ಒತ್ತಾಯಿಸಿ ದೀಪಿಕಾ ಪಳ್ಳಿಕಲ್ ಕೆಲವು ವರ್ಷ ಆ ಸ್ಪರ್ಧೆಯಿಂದ ದೂರ ಉಳಿದರು. ಸಮಾನ ಬಹುಮಾನ ಘೋಷಣೆಯಾದ ಬಳಿಕ 2016ರಲ್ಲಿ ಮರಳಿ ಬಂದು ಪ್ರಶಸ್ತಿ ಗೆದ್ದರು.

ಕ್ರೀಡಾ ಸಂಸ್ಥೆಗಳ ಉತ್ತರದಾಯಿತ್ವಕ್ಕೆಂದೇ ಸಂಸತ್ತು 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ಸಂಸ್ಥೆಗಳಿಗೆ ಮಾನ್ಯತೆ ನೀಡಲು ರಾಷ್ಟ್ರೀಯ ಕ್ರೀಡಾ ಮಂಡಳಿ, ವ್ಯಾಜ್ಯಗಳ ಇತ್ಯರ್ಥಕ್ಕೆ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ, ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರಿಗೂ ಕ್ರೀಡಾಪಟುಗಳಿಗೂ ಸ್ಥಾನ ಇವು ಅದರ ಮುಖ್ಯ ಅಂಶಗಳು.

ಕಲಬುರಗಿಗೆ ಎಷ್ಟು ದೂರ?

ರಾಜ್ಯದ ಸ್ಕ್ವಾಷ್ ಚಟುವಟಿಕೆಯ ಬಹುಪಾಲು ಬೆಂಗಳೂರಿನಲ್ಲಿಯೇ ಕೇಂದ್ರೀಕೃತವಾಗಿದೆ. ಕಲಬುರಗಿಯಿಂದ ರಾಜಧಾನಿಗೆ ಸುಮಾರು 600 ಕಿ.ಮೀ. ದೂರ. ಒಂದು ಆಯ್ಕೆ ಪಂದ್ಯಕ್ಕಾಗಿ ರೈಲು ಹತ್ತುವ ಮಗುವಿನ ಜತೆ ಪೋಷಕರೊಬ್ಬರು ಕೆಲಸ ಬಿಟ್ಟು ಹೋಗಬೇಕು. ಕಮಲಾಪುರದಂಥ ತಾಲ್ಲೂಕು ಕೇಂದ್ರದಿಂದ ಹೊರಡುವವರಿಗೆ ಇನ್ನೊಂದು ಬಸ್ಸಿನ ಪಯಣವೂ ಸೇರುತ್ತದೆ. ಹಣವುಳ್ಳವರ ಆಟ ಎಂಬ ಹಣೆಪಟ್ಟಿ ಅಂಟಿಕೊಳ್ಳುವುದು ಹೀಗೆಯೇ.

ಈ ಅಂತರವನ್ನು ತಗ್ಗಿಸುವುದು ಅಸಾಧ್ಯವೇನಲ್ಲ. ಒಂದೇ ಕಡೆ ಎರಡು ಅಂಗಳ, ಒಬ್ಬ ಅರ್ಹ ತರಬೇತುದಾರ, ವರ್ಷಕ್ಕೊಮ್ಮೆ ವಿಭಾಗ ಮಟ್ಟದ ಆಯ್ಕೆ ಇಷ್ಟಿದ್ದರೆ ಆರಂಭಕ್ಕೆ ಸಾಕು. ಕಲಬುರಗಿಯಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಿದೆ, ವಿಶ್ವವಿದ್ಯಾಲಯಗಳಿವೆ, ಪ್ರದೇಶಕ್ಕೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. ಜಾಗ ಮತ್ತು ಹಣವನ್ನು ಸರ್ಕಾರ ಒದಗಿಸಬಹುದು. ಆದರೆ ಆಯ್ಕೆ ಪಂದ್ಯವನ್ನು ಇಲ್ಲಿಗೆ ತರುವ ನಿರ್ಧಾರ ಕ್ರೀಡಾ ಸಂಸ್ಥೆಯದ್ದು.

ಏಷ್ಯಾ ಮತ್ತು ವಿಶ್ವ ಮಟ್ಟದಲ್ಲಿ ಭಾರತದ ಸ್ಕ್ವಾಷ್ ಈಗ ಪದಕ ಗೆಲ್ಲುವ ಹಂತಕ್ಕೆ ಬಂದಿದೆ. ಮೇಲಿನ ಮೆಟ್ಟಿಲುಗಳು ಗಟ್ಟಿಯಾಗಿವೆ. ಕೆಳಗಿನ ಮೊದಲ ಮೆಟ್ಟಿಲು ಸೂಪರ್ ಮಾರ್ಕೆಟ್‌ನಿಂದ ನಡೆದು ಹೋಗುವಷ್ಟು ಸಮೀಪದಲ್ಲಿದ್ದಾಗ ಮಾತ್ರ ಪ್ರಾದೇಶಿಕ ಸಂಸ್ಥೆಯ ಪಾತ್ರ ಪೂರ್ಣವಾಯಿತೆಂದು ಹೇಳಬಹುದು.