ತ್ರಿಕಾಸ್ಥಿ ನರಮೂಲ ಉತ್ತೇಜಕ

ತ್ರಿಕಾಸ್ಥಿ ನರಮೂಲ ಉತ್ತೇಜಕವು ಬೆನ್ನುಹುರಿಗೆ ಪೆಟ್ಟಾಗಿ ಮಲಮೂತ್ರಗಳ ಮೇಲಿನ ಹತೋಟಿ ತಪ್ಪಿದವರ ದೇಹದೊಳಗೆ ಶಸ್ತ್ರಚಿಕಿತ್ಸೆಯ ಮೂಲಕ ಅಳವಡಿಸುವ ವಿದ್ಯುತ್ ಸಾಧನ. ಇದನ್ನು ರೂಪಿಸಿದವರು ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಗೈಲ್ಸ್ ಬ್ರಿಂಡ್ಲಿ (ಜನನ ೧೯೨೬). ಆದ್ದರಿಂದ ಇದನ್ನು ಬ್ರಿಂಡ್ಲಿ ಉತ್ತೇಜಕವೆಂದೂ ಕರೆಯುತ್ತಾರೆ.

ಹಿನ್ನೆಲೆ

ಮೂತ್ರಕೋಶ ಮತ್ತು ಮಲಾಶಯಗಳನ್ನು ನಿಯಂತ್ರಿಸುವ ನರಗಳು ಮುಖ್ಯವಾಗಿ ಬೆನ್ನುಹುರಿಯ ತುದಿಯಲ್ಲಿರುವ ೨ರಿಂದ ೪ನೆಯ ತ್ರಿಕಾಸ್ಥಿ ಖಂಡಗಳಿಂದ ಹೊರಡುತ್ತವೆ. ಪೆಟ್ಟು ಇದಕ್ಕಿಂತ ಮೇಲೆ ಬಿದ್ದರೆ ಕೆಳಗಿನ ನರಗಳು ಜೀವಂತವಾಗಿಯೇ ಉಳಿಯುತ್ತವೆ. ಮೆದುಳಿನ ಅಪ್ಪಣೆ ಮಾತ್ರ ಅವುಗಳಿಗೆ ತಲುಪದು. ಆಗ ಮೂತ್ರಕೋಶವು ತನ್ನಷ್ಟಕ್ಕೆ ತಾನೇ ಸಂಕುಚಿಸುತ್ತದೆ. ಅದೇ ಹೊತ್ತಿಗೆ ಮೂತ್ರದ್ವಾರದ ಸ್ನಾಯುವೂ ಬಿಗಿದುಕೊಳ್ಳುವುದುಂಟು. ಒಳಗಿನ ಒತ್ತಡ ಏರಿ ಮೂತ್ರವು ಮೂತ್ರಪಿಂಡಗಳತ್ತ ಹಿಮ್ಮರಳಬಹುದು. ಒಂದು ಕಾಲಕ್ಕೆ ಬೆನ್ನುಹುರಿಯ ಗಾಯಾಳುಗಳ ಸಾವಿಗೆ ಮೂತ್ರಪಿಂಡಗಳ ವೈಫಲ್ಯವು ಪ್ರಮುಖ ಕಾರಣವಾಗಿತ್ತು. ನೋಡುವವರಿಗೆ ನಡೆಯಲಾಗದಿರುವುದೇ ದೊಡ್ಡ ಕಷ್ಟವೆಂದು ತೋರುತ್ತದೆ. ಗಾಯಾಳುಗಳಲ್ಲಿ ಅನೇಕರಾದರೋ ಮಲಮೂತ್ರಗಳ ಹತೋಟಿಯನ್ನೇ ಮೊದಲು ಬಯಸುತ್ತಾರೆ.

ಕಾರ್ಯವಿಧಾನ

ತ್ರಿಕಾಸ್ಥಿಯ ಮುಂಭಾಗದ ನರಮೂಲಗಳಿಗೆ ವಿದ್ಯುದ್ವಾರಗಳನ್ನು ಜೋಡಿಸಿ, ಅವುಗಳ ತಂತಿಗಳನ್ನು ಚರ್ಮದಡಿಯಲ್ಲಿರಿಸಿದ ಗ್ರಾಹಕಕ್ಕೆ ಸೇರಿಸುತ್ತಾರೆ. ಗ್ರಾಹಕದಲ್ಲಿ ಬ್ಯಾಟರಿ ಇರುವುದಿಲ್ಲ. ರೋಗಿಯು ಹೊರಗಿನಿಂದ ಅದರ ಮೇಲೆ ಪ್ರೇಷಕವನ್ನು ಹಿಡಿದಾಗ ರೇಡಿಯೋ ತರಂಗಗಳ ಮೂಲಕ ಶಕ್ತಿಯೂ ಸಂಕೇತವೂ ಒಳಕ್ಕೆ ಹೋಗುತ್ತವೆ.

ಇಲ್ಲೊಂದು ತೊಡಕಿತ್ತು. ಅದೇ ನರಮೂಲಗಳಲ್ಲಿ ಮೂತ್ರಕೋಶವನ್ನು ಹಿಂಡುವ ತಂತುಗಳೂ ದ್ವಾರವನ್ನು ಮುಚ್ಚುವ ತಂತುಗಳೂ ಕೂಡಿಯೇ ಇವೆ. ಎರಡನ್ನೂ ಒಟ್ಟಿಗೆ ಪ್ರಚೋದಿಸಿದರೆ ಮೂತ್ರ ಹೊರಬರುವುದೆಂತು? ಪರಿಹಾರವು ಸ್ನಾಯುಗಳ ವೇಗದ ವ್ಯತ್ಯಾಸದಲ್ಲಿತ್ತು. ದ್ವಾರದ ಸ್ನಾಯು ಬೇಗ ಬಿಗಿದು ಬೇಗ ಸಡಿಲಗೊಳ್ಳುತ್ತದೆ. ಮೂತ್ರಕೋಶದ ಸ್ನಾಯುವಾದರೋ ನಿಧಾನ. ಆದ್ದರಿಂದ ವಿದ್ಯುತ್ತನ್ನು ಬಿಟ್ಟುಬಿಟ್ಟು ಹರಿಸುತ್ತಾರೆ. ಪ್ರತಿ ಬಿಡುವಿನಲ್ಲಿಯೂ ದ್ವಾರ ಸಡಿಲಗೊಂಡು, ಇನ್ನೂ ಸಂಕುಚಿತವಾಗಿರುವ ಮೂತ್ರಕೋಶದಿಂದ ಮೂತ್ರವು ಚಿಮ್ಮಿ ಹೊರಬರುತ್ತದೆ. ಈ ಸರಳ ಯುಕ್ತಿಯೇ ಸಾಧನದ ಜೀವಾಳ. ಮಲವಿಸರ್ಜನೆಗೂ ಇದೇ ಸಾಧನವನ್ನು ಬೇರೆ ಅಳತೆಯ ಉತ್ತೇಜನದಿಂದ ಬಳಸಬಹುದು.

ಇತಿಹಾಸ

ಬ್ರಿಂಡ್ಲಿಯವರು ಮೊದಲು ಬಬೂನ್ ಕೋತಿಗಳ ಮೇಲೆ ಪ್ರಯೋಗ ನಡೆಸಿದರು. ಮನುಷ್ಯರಲ್ಲಿ ಅಳವಡಿಕೆ ೧೯೭೦ರ ದಶಕದಲ್ಲಿ ಆರಂಭವಾಯಿತು. ೧೯೮೨ರಲ್ಲಿ ಅವರು ಪೋಲ್ಕಿ ಮತ್ತು ರಶ್ಟನ್ ಅವರೊಂದಿಗೆ ಫಲಿತಾಂಶಗಳನ್ನು ಪ್ರಕಟಿಸಿದರು. ಅಮೆರಿಕದಲ್ಲಿ ವೋಕೇರ್ ಎಂಬ ಹೆಸರಿನಿಂದ ೧೯೯೮ರಲ್ಲಿ ಇದಕ್ಕೆ ಅನುಮತಿ ದೊರೆಯಿತು.

ಮಿತಿಗಳು

ಸಾಮಾನ್ಯವಾಗಿ ಈ ಶಸ್ತ್ರಚಿಕಿತ್ಸೆಯ ಜೊತೆಗೆ ಹಿಂಭಾಗದ ನರಮೂಲಗಳನ್ನು ಕತ್ತರಿಸುತ್ತಾರೆ. ಇದರಿಂದ ಮೂತ್ರಕೋಶದ ಅನಿಯಂತ್ರಿತ ಸೆಳೆತ ನಿಂತು, ಅದರ ಧಾರಣಶಕ್ತಿ ಹೆಚ್ಚುತ್ತದೆ. ಮೂತ್ರಪಿಂಡಗಳಿಗೂ ರಕ್ಷಣೆ ದೊರೆಯುತ್ತದೆ. ಆದರೆ ಕತ್ತರಿಸಿದ ನರಮೂಲವನ್ನು ಮತ್ತೆ ಕೂಡಿಸಲಾಗದು. ಪುರುಷರಲ್ಲಿ ಸ್ಪರ್ಶದಿಂದ ಉಂಟಾಗುವ ಶಿಶ್ನೋದ್ರೇಕ ನಿಲ್ಲುತ್ತದೆ. ಗುಪ್ತಾಂಗಗಳ ಸುತ್ತ ಅಲ್ಪಸ್ವಲ್ಪ ಸಂವೇದನೆ ಉಳಿದವರಿಗೆ ಅದೂ ಇಲ್ಲವಾಗುತ್ತದೆ. ಮುಂದೆಂದಾದರೂ ಹೊಸ ಚಿಕಿತ್ಸೆ ಬರಬಹುದೆಂದು ಕಾಯುವವರಿಗೆ ಈ ನಿರ್ಧಾರ ಸುಲಭದ್ದಲ್ಲ. ಕ್ಯಾಥೆಟರ್ ಅನ್ನು ಆಗಾಗ ತಾವೇ ತೂರಿಸಿ ಮೂತ್ರ ತೆಗೆಯುವ ಕ್ರಮ ಹಾಗೂ ಬೊಟುಲಿನಮ್ ಚುಚ್ಚುಮದ್ದುಗಳು ರೂಢಿಗೆ ಬಂದದ್ದರಿಂದ, ಶಸ್ತ್ರಚಿಕಿತ್ಸೆಯಿಲ್ಲದ ಆಯ್ಕೆಗಳೂ ಅವರ ಮುಂದಿವೆ.

ತ್ರಿಕಾಸ್ಥಿಯ ನರಗಳೇ ನಾಶವಾಗಿದ್ದರೆ ಈ ಸಾಧನ ಕೆಲಸ ಮಾಡದು. ಬ್ಯಾಟರಿಯಿಂದ ಸತತವಾಗಿ ಮೃದು ಉತ್ತೇಜನ ನೀಡುವ ತ್ರಿಕಾಸ್ಥಿ ನರ ಮಾಡ್ಯುಲೇಶನ್ ಇದಕ್ಕಿಂತ ಭಿನ್ನವಾದ ಚಿಕಿತ್ಸೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.