ಯಾರ ಮಗುವಿಗೆ ಯಾರ ತಲೆ?

ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ಕೆರೆ ಏರಿ ಮೇಲೋ, ಗುಡಿ ಹಿಂದೋ ವೀರಗಲ್ಲು ನಿಂತಿರುತ್ತೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ, ಹೆಣ, ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. 'ನಮ್ಮ ನಾಡಿನ ತ್ಯಾಗ' ಅಂತ ಭಾಷಣ ಬಿಗಿಯುವವರು ಕೆಳಗಿನ ಪಟ್ಟಿಯನ್ನು ನೋಡುವುದೇ ಇಲ್ಲ.

ಮಕ್ಕಳ ಬಲಿ ಅಂದ ಕೂಡಲೆ ದೂರದೇಶಗಳ ಕಡೆ ಕೈ ತೋರಿಸ್ತೇವೆ. ಕಾರ್ಥೇಜಿನಲ್ಲಿ ಹಸುಗೂಸುಗಳ ಸುಟ್ಟ ಮೂಳೆ ತುಂಬಿದ ಮಡಕೆಗಳು ಸಿಕ್ಕಿವೆ. ಬಲಿಯೋ, ತಾನಾಗಿ ಸತ್ತ ಕೂಸುಗಳೋ ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾರೆ. ಪೆರುವಿನ ಹುವಾಂಚಾಕಿತೊದಲ್ಲಿ ಆ ಅನುಮಾನವಿಲ್ಲ. ಸುಮಾರು 1450ರಲ್ಲಿ ಎದೆ ಸೀಳಿ ಬಲಿ ಕೊಟ್ಟ ಸುಮಾರು 140 ಮಕ್ಕಳು ಅಲ್ಲಿ ಮಣ್ಣಿನಿಂದ ಎದ್ದುಬಂದರು. ನಮ್ಮ ಸೊರಬದ ಒಂದು ಶಾಸನದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಮಗುವನ್ನು ಕೊಟ್ಟಿಲ್ಲ, ಮಗುವಿಗಾಗಿ ಮನುಷ್ಯನನ್ನು ಕೊಟ್ಟಿದ್ದಾರೆ.

ಸುಮಾರು 991ರದು. ಸೊರಬದ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ದೊರೆ ಶಾಂತಿವರ್ಮನಿಗೆ ಮಗ ಹುಟ್ಟಿದರೆ ಹೈವೆಯ ಗುಂಡದಬ್ಬೆಗೆ ತಲೆ ಕೊಡ್ತೇನೆ ಅಂತ ಒಬ್ಬಾತ ಹರಕೆ ಹೊತ್ತ. ಮಗ ಹುಟ್ಟಿದ. ಇವನನ್ನು ಸೈನಿಕರ ಕೈಗೆ ಒಪ್ಪಿಸಿ ಕೊಲ್ಲಿಸಿದರು. ಸ್ವರ್ಗಕ್ಕೆ ಹೋದನಂತೆ.

ಹರಕೆ ಅವನದೇ ಇರಬಹುದು. ಮಗ ಬೇಕಾಗಿದ್ದದ್ದು ಅರಮನೆಗೆ. ಹಾಗಿದ್ದ ಮೇಲೆ ದೊರೆಯೇ ಯಾಕೆ ಹರಕೆ ಹೊರಲಿಲ್ಲ? ಗುಂಡದಬ್ಬೆಗೆ ರಾಜನ ತಲೆ ಒಗ್ಗುತ್ತಿರಲಿಲ್ಲವೇನು? ಇನ್ನೊಂದು ಮಾತು. ಮನಸಾರೆ ಕೊಡುವವನಿಗೆ ಸೈನಿಕರು ಯಾಕೆ? ಕೊನೆ ಗಳಿಗೆಯಲ್ಲಿ ಹೆಂಡತಿ ಮಕ್ಕಳು ನೆನಪಾಗಿ ಓಡಿಯಾನು ಅಂತಲೋ?

ಶಿಕಾರಿಪುರದ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಭೇರುಂಡ ಕಂಬ ಈಗಲೂ ಇದೆ. ಬಂದವರು ಫೋಟೋ ಹಿಡೀತಾರೆ. 1060ರಲ್ಲಿ ತುಳುವ ಚಂಡಿಗ ಆಡಿದ ಮಾತು ಉಳಿಸಿಕೊಳ್ಳಲು ಬೆರಳು ಕಡಿದುಕೊಂಡು, ಈ ಕಂಬ ಹತ್ತಿ, ಭರ್ಜಿಗಳ ಮೊನೆ ಮೇಲೆ ಹಾರಿ ಸತ್ತ. ಸ್ವಾಮಿನಿಷ್ಠೆ ಅಂತಾರೆ ಪಂಡಿತರು. ಯಾವ ಸ್ವಾಮಿಯಾದರೂ ಆಳಿಗಾಗಿ ಕಂಬ ಹತ್ತಿದ ಶಾಸನ ನಾನಂತೂ ಓದಿಲ್ಲ.

ಹಳೇ ಕಾಲದ ಮಾತು ಬಿಡಿ ಅನ್ನುವವರಿಗೆ ಅದೇ ಸೊರಬದ ಚಂದ್ರಗುತ್ತಿ ಇದೆ. ಅಪ್ಪನ ಮಾತಿಗೆ ತಾಯಿ ತಲೆ ಕಡಿದ ಮಗನ ಕತೆಯ ರೇಣುಕಮ್ಮನ ಗುಡ್ಡ. ಮಕ್ಕಳಾಗಲಿ, ಮೈಮೇಲಿನ ರೋಗ ವಾಸಿಯಾಗಲಿ ಅಂತ ಹರಕೆ ಹೊತ್ತ ಹೆಂಗಸರು, ಗಂಡಸರು ವರದಾ ಹೊಳೆಯಲ್ಲಿ ಮಿಂದು ಬೆತ್ತಲೆ ಓಡಿ ಗುಡ್ಡ ಹತ್ತುತ್ತಿದ್ದರು. ಹೆಚ್ಚಿನವರು ನಮ್ಮವರೇ, ದಲಿತರು, ಹಿಂದುಳಿದವರು. ದೊರೆಗೆ ಮಗ ಬೇಕಾದಾಗ ಬೇರೊಬ್ಬನ ತಲೆ ಸಿಕ್ಕಿತ್ತು. ಈ ತಾಯಂದಿರ ಹತ್ತಿರ ಇದ್ದದ್ದು ತಮ್ಮ ಮೈಯೊಂದೇ. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು ತಡೆಯಲು ಹೋದರು. ಗುಂಪು ಅವರ ಮೇಲೂ ಪೊಲೀಸರ ಮೇಲೂ ಬಿತ್ತು, ಮಹಿಳಾ ಪೊಲೀಸರ ಬಟ್ಟೆಯನ್ನೂ ಕಿತ್ತಿತು. ಆಮೇಲೆ ಸರ್ಕಾರಕ್ಕೆ ಎಚ್ಚರವಾಗಿ ಬೆತ್ತಲೆ ಸೇವೆಗೆ ನಿಷೇಧ ಬಂತು.